ಒಂಬತ್ತು ಜನರ ಮನೆಗೆ ಯಾವ ಕ್ಯಾರವಾನ್? ಎಳೆಯಲು ಯಾವ ಗಾಡಿ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಹತ್ತಿರ ಕಾಫಿ ತೋಟ. ಕೂಡು ಕುಟುಂಬ, ಮನೆಯಲ್ಲಿ ಒಂಬತ್ತು ಜನ. ಅಪ್ಪ, ಅಮ್ಮ, ನಾವು ಅಣ್ಣ ತಮ್ಮ, ಇಬ್ಬರ ಹೆಂಡತಿಯರು, ಮೂವರು ಮಕ್ಕಳು. ಎಂಟು ಸೀಟಿನ ಇನೋವಾ ಕ್ರಿಸ್ಟಾ ಇದೆ. ಅದರ ಹಿಂದೆ ಕಟ್ಟಿಕೊಂಡು ಹೋಗಲು ಎಲ್ಲರೂ ಮಲಗುವಷ್ಟು ದೊಡ್ಡ, 18-20 ಅಡಿಯ ಕ್ಯಾರವಾನ್ ಟ್ರೇಲರ್ ಮಾಡಿಸಬೇಕು ಅಂತ ಆಸೆ. ಕೊಯ್ಲು ಮುಗಿದ ಮೇಲೆ, ಮಕ್ಕಳ ರಜೆಯಲ್ಲಿ ಕಾವೇರಿ ಹರಿಯುವ ದಾರಿಯಲ್ಲೇ, ಅದು ಸಮುದ್ರ ಸೇರುವ ತಮಿಳುನಾಡಿನ ಪೂಂಪುಹಾರ್ ತನಕ ಹೋಗಬೇಕು. ಅಮ್ಮನಿಗೆ ಮಂಡಿ ನೋವು, ರಾತ್ರಿ ಶೌಚಾಲಯ ಹತ್ತಿರ ಇರಲೇಬೇಕು. ಇನೋವಾ ಸಾಕಾ? ಬೇರೆ ಗಾಡಿ ಬೇಕಾ? ಎಷ್ಟು ದೊಡ್ಡ ಟ್ರೇಲರ್ ತೆಗೆದುಕೊಳ್ಳಬಹುದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಎಲ್ಲರೂ ಮಲಗುವ ಟ್ರೇಲರ್ ಬೇಡ. ನಾಲ್ಕು ಜನ ಮಲಗುವ, ಒಳಗೇ ಶೌಚಾಲಯ ಇರುವ, ಸಾಮಾನು ತುಂಬಿದ ಮೇಲೂ 1100 ಕಿಲೋ ದಾಟದ, ಬ್ರೇಕ್ ಇರುವ ಟ್ರೇಲರ್ ತೆಗೆದುಕೊಳ್ಳಿ. ಅದನ್ನು ಎಳೆಯುವ ಕೆಲಸ ಇನೋವಾಕ್ಕೆ ಕೊಡಬೇಡಿ. ಇನೋವಾದಲ್ಲಿ ಐದು ಜನ ಆರಾಮಾಗಿ ಹೋಗಲಿ. ಎಳೆಯಲು ಎರಡನೇ ಗಾಡಿ ಇರಲಿ, ಅದರಲ್ಲಿ ನಾಲ್ಕೇ ಜನ ಕೂರಲಿ. ಯಾಕೆ ಅಂತ ಈಗ ವಿವರವಾಗಿ ನೋಡೋಣ.

ಟ್ರೇಲರ್ ಅಂದ ತಕ್ಷಣ ಎಲ್ಲರೂ ಕೇಳುವುದು 'ಇಂಜಿನ್ ಎಳೆಯುತ್ತಾ?' ಅಂತ. ದೊಡ್ಡ ಕುಟುಂಬದವರು ಮೊದಲು ಕೇಳಬೇಕಾದ್ದು ಬೇರೆ. ಗಾಡಿ ಹೊರುತ್ತಾ? ಪ್ರತಿ ಗಾಡಿಗೂ ಒಟ್ಟು ತೂಕದ ಮಿತಿ ಇರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದು ಅದು ಹೊರಬಹುದಾದ ಭಾರ. ಏಳೆಂಟು ಸೀಟಿನ ಗಾಡಿಗಳಲ್ಲಿ ಇದು ಸಾಮಾನ್ಯವಾಗಿ 500ರಿಂದ 600 ಕಿಲೋ ಆಸುಪಾಸು. ನಿಮ್ಮ ಗಾಡಿಯ ನಿಖರ ಅಂಕಿಯನ್ನು ಕೈಪಿಡಿಯಲ್ಲಿ ನೋಡಿ.

ಈಗ ನಿಮ್ಮ ಮನೆಯ ಲೆಕ್ಕ ಹಾಕೋಣ. ಆರು ಜನ ದೊಡ್ಡವರು, ತಲಾ 65 ಕಿಲೋ ಅಂದರೆ 390. ಇಬ್ಬರು ಮಕ್ಕಳು, 60. ಅಲ್ಲಿಗೆ 450 ಆಯ್ತು, ಸೀಟೂ ಮುಗಿಯಿತು, ಮೂರನೇ ಮಗು ಇನ್ನೂ ಹೊರಗೇ ನಿಂತಿದೆ. ಆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರಾಯ್ತು ಅನ್ನಬೇಡಿ. ಹಿಂದೆ ಒಂದು ಟನ್ ಕಟ್ಟಿಕೊಂಡ ಗಾಡಿಯಲ್ಲಿ ಪ್ರತಿಯೊಬ್ಬರಿಗೂ ಅವರದೇ ಸೀಟು, ಅವರದೇ ಬೆಲ್ಟ್ ಬೇಕು. ಓಡುವ ಟ್ರೇಲರ್ ಒಳಗಂತೂ ಯಾರೂ ಕೂರುವಂತಿಲ್ಲ, ಒಂದು ಕಿಲೋಮೀಟರ್ ಕೂಡ. ಕೈಚೀಲ, ತಿಂಡಿ, ನೀರು ಅಂತ ತಲಾ ಹತ್ತು ಕಿಲೋ ಸೇರಿಸಿದರೆ 530 ಆಗುತ್ತದೆ.

ಇದರ ಮೇಲೆ ಬರುವುದು ಹಿಚ್ ಭಾರ. ಹಿಚ್ ಅಂದರೆ ಗಾಡಿಗೆ ಟ್ರೇಲರ್ ಕಟ್ಟುವ ಕೊಂಡಿ. ಟ್ರೇಲರ್‌ನ ಮುಂದಿನ ತುದಿ ಗಾಡಿಯ ಹಿಂಬದಿಯ ಗುಂಡಿನ ಮೇಲೆ ಕೂರುತ್ತದಲ್ಲ, ಆ ಭಾರ. ಟ್ರೇಲರ್ ನೆಟ್ಟಗೆ ಓಡಬೇಕಾದರೆ ಅದರ ಒಟ್ಟು ತೂಕದ ಸುಮಾರು ನೂರಕ್ಕೆ ಹತ್ತು ಭಾಗ ಅಲ್ಲಿ ಕೂರಬೇಕು. 1200 ಕಿಲೋ ಟ್ರೇಲರ್ ಅಂದರೆ 120 ಕಿಲೋ. ಒಟ್ಟು 650 ಆಯ್ತು. ನೋಡಿ, ಇಂಜಿನ್ ವಿಷಯ ಎತ್ತುವ ಮೊದಲೇ ಗಾಡಿ ತುಂಬಿ ತುಳುಕಿತು.

ಆ 120 ಕಿಲೋ ಬರೀ 120 ಆಗಿಯೂ ಉಳಿಯುವುದಿಲ್ಲ. ಹಿಚ್ ಇರುವುದು ಹಿಂದಿನ ಆಕ್ಸಲ್‌ನಿಂದ, ಅಂದರೆ ಹಿಂದಿನ ಎರಡು ಚಕ್ರ ಕೂರುವ ಅಚ್ಚಿನಿಂದ, ಸುಮಾರು ಒಂದು ಮೀಟರ್ ಆಚೆ. ಕ್ರಿಸ್ಟಾದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2750 ಮಿಲಿಮೀಟರ್ ಅಂತರ. ಹಿಂದೆ ಒತ್ತಿದಾಗ ಮುಂಭಾಗ ಮೇಲೇಳುತ್ತದೆ. ಲೆಕ್ಕ ಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಸುಮಾರು 160 ಕಿಲೋ ಜಾಸ್ತಿಯಾಗುತ್ತದೆ, ಮುಂದಿನದರಿಂದ 40 ಕಿಲೋಗೂ ಹೆಚ್ಚು ಕಡಿಮೆಯಾಗುತ್ತದೆ. ಸ್ಟೀರಿಂಗ್ ಇರುವುದು ಮುಂದೆ. ಬ್ರೇಕಿನ ಹೆಚ್ಚಿನ ಕೆಲಸ ನಡೆಯುವುದೂ ಮುಂದೆ. ಮಳೆ ಬಿದ್ದ ರಸ್ತೆಯಲ್ಲಿ ಆ ಮುಂದಿನ ಚಕ್ರಗಳೇ ಹಗುರಾದರೆ ಏನಾಗುತ್ತದೆ ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಎರಡು ಗಾಡಿ. ಖರ್ಚು ಜಾಸ್ತಿ ಅನ್ನಿಸಬಹುದು. ಆದರೆ ತೋಟದ ಮನೆಗೆ ಎರಡನೇ ಗಾಡಿ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಪ್ರವಾಸದಲ್ಲಿ ಇನ್ನೊಂದು ಅನುಕೂಲವೂ ಇದೆ. ಟ್ರೇಲರನ್ನು ಒಂದು ಕಡೆ ನಿಲ್ಲಿಸಿದ ಮೇಲೆ ಅಪ್ಪ ಅಮ್ಮನನ್ನು ಶ್ರೀರಂಗದ ದೇವಸ್ಥಾನದ ಬಾಗಿಲ ತನಕ ಇನೋವಾದಲ್ಲೇ ಬಿಡಬಹುದು.

ಎಳೆಯುವ ಗಾಡಿ ಹೇಗಿರಬೇಕು? ಗಟ್ಟಿ ಚಾಸಿ (ತಳದ ಉಕ್ಕಿನ ಚೌಕಟ್ಟು) ಮೇಲೆ ಬಾಡಿ ಕೂತಿರಬೇಕು, ಹಿಂದಿನ ಚಕ್ರಕ್ಕೆ ಅಥವಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ಡೀಸೆಲ್ ಟರ್ಬೊ ಇಂಜಿನ್ ಇರಬೇಕು. ಹಿಂದೆ ಭಾರ ಕೂತಾಗ ಹಿಂದಿನ ಚಕ್ರಕ್ಕೆ ಹಿಡಿತ ಜಾಸ್ತಿಯಾಗುತ್ತದೆ, ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಅದೇ ಭಾರ ಹಿಡಿತ ಕಳೆಯುತ್ತದೆ. ಈ ಕಾರಣಕ್ಕೇ ಇನೋವಾ ಹೈಕ್ರಾಸ್ ಮತ್ತು ಮುಂದಿನ ಚಕ್ರ ಎಳೆಯುವ ಎಕ್ಸ್‌ಯುವಿ 700 ಮನೆ ಮಂದಿಗೆ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ನಾನು ಹೇಳುವುದಿಲ್ಲ.

ಉಳಿದವುಗಳಲ್ಲಿ ಸ್ಕಾರ್ಪಿಯೊ-ಎನ್ ಡೀಸೆಲ್ ಆಟೊಮ್ಯಾಟಿಕ್ (ಶಕ್ತಿ 175 ಪಿಎಸ್, ಎಳೆಯುವ ಟಾರ್ಕ್ 400 ನ್ಯೂಟನ್ ಮೀಟರ್) ಮತ್ತು ಡಬಲ್ ಕ್ಯಾಬ್ ಪಿಕಪ್ ಇಸುಜು ವಿ-ಕ್ರಾಸ್ (163 ಪಿಎಸ್, 360 ನ್ಯೂಟನ್ ಮೀಟರ್), ಇವೆರಡನ್ನು ಮೊದಲು ನೋಡಿ. ಫಾರ್ಚೂನರ್ ಮತ್ತು ಹೈಲಕ್ಸ್‌ನಲ್ಲಿ 2.8 ಲೀಟರ್ ಇಂಜಿನ್, ಆಟೊಮ್ಯಾಟಿಕ್ ಆದರೆ 500 ನ್ಯೂಟನ್ ಮೀಟರ್. ಶಕ್ತಿ ಧಾರಾಳ, ದುಡ್ಡೂ ಧಾರಾಳ ಬೇಕು. 1100 ಕಿಲೋ ಎಳೆಯಲು ಅಷ್ಟು ಅಗತ್ಯ ಇಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಪಿಕಪ್ ಕಡೆಗೆ ವಾಲುತ್ತಿದ್ದೆ. ಪ್ರವಾಸದಲ್ಲಿ ಟೆಂಟು, ಕುರ್ಚಿ, ಗ್ಯಾಸ್ ಎಲ್ಲ ಹಿಂದಿನ ತೊಟ್ಟಿಗೆ ಹೋಗುತ್ತದೆ, ಟ್ರೇಲರ್ ಹಗುರಾಗಿರುತ್ತದೆ. ಉಳಿದ ದಿನ ಗೊಬ್ಬರದ ಚೀಲ, ಕಾಫಿ ಮೂಟೆಗೆ ಆಗುತ್ತದೆ. ಆದರೆ ಪಿಕಪ್ ಅಂದ ಮಾತ್ರಕ್ಕೆ ಟನ್‌ಗಟ್ಟಲೆ ಹೊರುತ್ತದೆ ಅಂದುಕೊಳ್ಳಬೇಡಿ. ಈ ಐಷಾರಾಮಿ ಪಿಕಪ್‌ಗಳು ಹೊರುವ ಭಾರ ತೋಟದ ಸಾದಾ ಪಿಕಪ್‌ಗಿಂತ ಬಹಳ ಕಡಿಮೆ. ಕಂಪನಿ ಹೇಳುವ ಅಂಕಿಯಲ್ಲಿ ಕೂರುವ ಜನರ ತೂಕ ಸೇರಿದೆಯಾ, ಇಲ್ಲವಾ ಅಂತಲೂ ಕೇಳಿ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಆಸ್ಟ್ರೇಲಿಯಾದಲ್ಲಿ ಹೈಲಕ್ಸ್ 3500 ಕಿಲೋ ಎಳೆಯುತ್ತದೆ ಅಂತ ಸಿಗುತ್ತದೆ. ನಿಜವೇ. ಆದರೆ ಅಲ್ಲಿಯ ಸ್ಪ್ರಿಂಗ್, ಹಿಚ್, ಗೇರ್‌ಬಾಕ್ಸ್ ತಂಪು ಮಾಡುವ ವ್ಯವಸ್ಥೆ, ಟ್ರೇಲರ್ ಬ್ರೇಕಿನ ನಿಯಮ ಎಲ್ಲ ಬೇರೆ. ಆ ಅಂಕಿಯನ್ನು ಇಲ್ಲಿಗೆ ತರಬೇಡಿ. ಭಾರತದಲ್ಲಿ ಮಾರುವ ಆ ಮಾಡೆಲ್‌ನ ಕೈಪಿಡಿ ತೆಗೆದು ಓದಿ. ಟ್ರೇಲರ್ ಎಳೆಯಬೇಡಿ ಅಂತ ಬರೆದಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಟ್ಟುಬಿಡಿ. ಏನೂ ಬರೆದಿಲ್ಲವಾದರೆ ಕಂಪನಿಗೆ ಇಮೇಲ್ ಮಾಡಿ, ಎಷ್ಟು ಕಿಲೋ ಎಳೆಯಬಹುದು, ಹಿಚ್ ಮೇಲೆ ಎಷ್ಟು ಭಾರ ಇಡಬಹುದು, ವಾರಂಟಿ ಉಳಿಯುತ್ತಾ ಅಂತ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಶೋರೂಮಿನ ಹುಡುಗ 'ಆರಾಮಾಗಿ ಎಳೆಯುತ್ತೆ ಸಾರ್' ಅಂದದ್ದು ಲೆಕ್ಕಕ್ಕಿಲ್ಲ. ಗಾಡಿ ಬುಕ್ ಮಾಡುವ ಮೊದಲೇ ಈ ಕೆಲಸ ಆಗಬೇಕು.

ಮ್ಯಾನ್ಯುವಲ್ಲೋ, ಆಟೊಮ್ಯಾಟಿಕ್ಕೋ? ಘಾಟಿ ತಿರುವಿನಲ್ಲಿ ಬಸ್ಸಿಗೆ ದಾರಿ ಬಿಟ್ಟು, ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಲಚ್ ಸುಟ್ಟ ವಾಸನೆ ಬರುವುದು ಟ್ರೇಲರ್ ಎಳೆಯುವವರಿಗೆಲ್ಲ ಗೊತ್ತು. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್‌ನಲ್ಲಿ ಆ ಕಾಟ ಇಲ್ಲ. ನಾನಾದರೆ ಅದನ್ನೇ ತೆಗೆದುಕೊಳ್ಳುತ್ತೇನೆ, ಆದರೆ ಇಳಿಯುವಾಗ ಗೇರನ್ನು ಕೈಯಿಂದ ಇಳಿಸುವ ಸೌಲಭ್ಯ ಇರಲೇಬೇಕು.

ಇಳಿಯುವ ಮಾತು ಬಂತಲ್ಲ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊಡಗಿನವರು ಕ್ಯಾರವಾನ್ ತೆಗೆದುಕೊಳ್ಳುವುದಕ್ಕೂ ಬಯಲುಸೀಮೆಯವರು ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದೊಂದೇ. ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಹೆಚ್ಚು ಕಮ್ಮಿ ಸಾವಿರ ಮೀಟರ್ ಇಳಿದಂತೆ. ಗಾಡಿ, ಜನ, ಟ್ರೇಲರ್ ಎಲ್ಲ ಸೇರಿ ಮೂರೂವರೆ ಟನ್ ಅಂದುಕೊಳ್ಳಿ. ಅಷ್ಟು ತೂಕ ಸಾವಿರ ಮೀಟರ್ ಇಳಿಯುವಾಗ ಹೊರಬರುವ ಶಕ್ತಿ ಮನೆಯ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಸುಮಾರು ಒಂಬತ್ತೂವರೆ ಯೂನಿಟ್. ಗಾಳಿಯ ತಡೆ, ಟೈರಿನ ಉಜ್ಜುವಿಕೆ ಸ್ವಲ್ಪ ನುಂಗುತ್ತವೆ. ಉಳಿದದ್ದನ್ನು ಇಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಬಿಸಿಯಾಗಿ ತಿನ್ನಬೇಕು. ಕೆಳ ಗೇರಿನಲ್ಲಿ ಇಳಿದರೆ ಇಂಜಿನ್ ತಡೆಯುತ್ತದೆ. ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು, ದ್ರವ ಕುದಿದು, ಕೊನೆಗೆ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ.

ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಯುರೋಪಿನಲ್ಲಿ 750 ಕಿಲೋ ತನಕ ಬ್ರೇಕ್ ಇಲ್ಲದ ಟ್ರೇಲರಿಗೆ ಅನುಮತಿ ಇದೆ. ನಮ್ಮ ಘಾಟಿಗಳಿಗೆ ನನ್ನ ಗೆರೆ 500 ಕಿಲೋ. ಅದರ ಮೇಲೆ ಬ್ರೇಕ್ ಇಲ್ಲದ್ದು ಬೇಡವೇ ಬೇಡ. ಬ್ರೇಕಿನಲ್ಲಿ ಎರಡು ಬಗೆ ಸಾಮಾನ್ಯ. ಒಂದರಲ್ಲಿ, ಮುಂದಿನ ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ತಳ್ಳುತ್ತದೆ, ಆ ಒತ್ತಡವೇ ಕೇಬಲ್ ಎಳೆದು ಟ್ರೇಲರ್ ಬ್ರೇಕ್ ಹಿಡಿಸುತ್ತದೆ. ಬಯಲಿನಲ್ಲಿ ಇದು ಚೆನ್ನ. ಉದ್ದ ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಲೇ ಇರುತ್ತದೆ, ಬ್ರೇಕ್ ಉಜ್ಜುತ್ತಲೇ ಇರುತ್ತದೆ, ಡ್ರಮ್ ಕಾಯುತ್ತಲೇ ಇರುತ್ತದೆ. ಇನ್ನೊಂದು ವಿದ್ಯುತ್ ಬ್ರೇಕ್. ಚಾಲಕನ ಕೈಗೆ ಸಿಗುವಂತೆ ಒಂದು ಪುಟ್ಟ ಕಂಟ್ರೋಲರ್ ಇರುತ್ತದೆ, ಬೇಕಾದಾಗ ಟ್ರೇಲರ್ ಬ್ರೇಕನ್ನು ಮಾತ್ರ ಹಾಕಬಹುದು. ನೀವು ವಿದ್ಯುತ್ ಬ್ರೇಕಿಗೇ ಹೋಗಿ. ಜೊತೆಗೆ, ಕೊಂಡಿ ಕಳಚಿದರೆ ಟ್ರೇಲರ್ ತಾನಾಗಿ ನಿಲ್ಲುವ ತುರ್ತು ಕೇಬಲ್, ಅಡ್ಡಡ್ಡ ಹಾಕುವ ಎರಡು ಸುರಕ್ಷಾ ಸರಪಳಿ ಇರಲಿ.

ಕೈಯಿಂದ ಟ್ರೇಲರ್ ಬ್ರೇಕ್ ಹಾಕುವ ಆ ಸೌಲಭ್ಯ ಇನ್ನೊಂದು ಕಡೆ ಜೀವ ಉಳಿಸುತ್ತದೆ. ಹಿಂದೆ ಭಾರ ಜಾಸ್ತಿ ತುಂಬಿದ ಟ್ರೇಲರ್ ಹೈವೇಯಲ್ಲಿ ಎಡಕ್ಕೆ ಬಲಕ್ಕೆ ಓಲಾಡತೊಡಗುತ್ತದೆ. ಆಗ ಗಾಡಿಯ ಬ್ರೇಕ್ ತುಳಿಯುವುದು, ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ಹೋಗುವುದು, ಎರಡೂ ಅಪಾಯ. ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಟ್ರೇಲರ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಬೇಕು. ಹಿಂದಿನಿಂದ ಹಿಡಿದೆಳೆದಂತಾಗಿ ಟ್ರೇಲರ್ ಸಾಲಿಗೆ ಬರುತ್ತದೆ. ಇದು ಬರದಂತೆ ನೋಡಿಕೊಳ್ಳುವುದು ಸುಲಭ. ಭಾರದ ಸಾಮಾನು ಆಕ್ಸಲ್ ಮೇಲೆ, ನೆಲಮಟ್ಟದಲ್ಲಿ ಇರಲಿ. ಮಕ್ಕಳ ಸೈಕಲ್‌ಗಳನ್ನು ಟ್ರೇಲರ್ ಹಿಂಭಾಗಕ್ಕೆ ನೇತುಹಾಕಬೇಡಿ. 70 ಕಿಲೋಮೀಟರ್ ವೇಗ ದಾಟಬೇಡಿ.

ನಿಮ್ಮ ಪೂಂಪುಹಾರ್ ದಾರಿಯ ಬಗ್ಗೆ ಹೇಳುವುದಾದರೆ, ಪೊನ್ನಂಪೇಟೆಯಿಂದ ಗೋಣಿಕೊಪ್ಪ, ತಿತಿಮತಿ, ಹುಣಸೂರು ಮೇಲೆ ಮೈಸೂರಿಗೆ ಹೋಗುವುದು ಟ್ರೇಲರಿಗೆ ಒಳ್ಳೆಯ ದಾರಿ, ಘಾಟಿ ಇಲ್ಲ. ಆದರೆ ತಿತಿಮತಿ ಕಾಡನ್ನು ಹಗಲಲ್ಲೇ ದಾಟಿ. ಎದುರಿಗೆ ಆನೆ ಬಂದರೆ ಬರೀ ಕಾರಿನವರು ರಿವರ್ಸ್ ಹೊಡೆದು ಪಾರಾಗುತ್ತಾರೆ. ಟ್ರೇಲರ್ ಕಟ್ಟಿಕೊಂಡವರಿಗೆ ಅದು ಆಗದ ಮಾತು. ಮೈಸೂರಿನಿಂದ ಮುಂದೆ ಚಾಮರಾಜನಗರ, ಸತ್ಯಮಂಗಲ ದಾರಿ ಹತ್ತಿರ ಅಂತ ಯಾರಾದರೂ ಹೇಳುತ್ತಾರೆ. ಅಲ್ಲಿ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ, ಕಾಡಿನ ರಾತ್ರಿ ನಿರ್ಬಂಧವೂ ಇದೆ. ಬೇಡ. ಬೆಂಗಳೂರು, ಹೊಸೂರು, ಸೇಲಂ ಹೈವೇ ಹಿಡಿಯಿರಿ. ಸುತ್ತು ಆದರೂ ರಸ್ತೆ ಅಗಲ. ಆ ದಾರಿಯಲ್ಲೂ ಒಂದು ಕಡೆ ಮೈಯೆಲ್ಲ ಕಣ್ಣಾಗಿರಬೇಕು. ಧರ್ಮಪುರಿ ದಾಟಿದ ಮೇಲೆ ಬರುವ ತೊಪ್ಪೂರು ಇಳಿಜಾರು. ಲಾರಿಗಳು ಬ್ರೇಕ್ ಕಳೆದುಕೊಂಡು ಅಪಘಾತವಾಗುವುದಕ್ಕೆ ಹೆಸರಾದ ಜಾಗ ಅದು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ.

ಪಶ್ಚಿಮಕ್ಕೆ ಹೊರಟಾಗ ಸಂಪಾಜೆ ಘಾಟಿ ಒಣ ದಿನಗಳಲ್ಲಿ ಪರವಾಗಿಲ್ಲ. ಕೇರಳದ ಕಡೆ ಇಳಿಯುವ ಮಾಕುಟ್ಟ ದಾರಿ ಟ್ರೇಲರಿಗೆ ತುಂಬ ಇಕ್ಕಟ್ಟು. ತಿರುವಿನಲ್ಲಿ ಟ್ರೇಲರ್ ಚಕ್ರ ಗಾಡಿಯ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಎಡ ತಿರುವಾದರೆ ನೇರ ಚರಂಡಿಗೆ. ಕುಟ್ಟದ ಕಡೆ ನಾಗರಹೊಳೆ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಮುಚ್ಚಿರುತ್ತದೆ. ಮಳೆಗಾಲದಲ್ಲಂತೂ ಟ್ರೇಲರ್ ಶೆಡ್ಡಿನಲ್ಲೇ ಇರಲಿ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸಂಪಾಜೆ ನಡುವಿನ ರಸ್ತೆಗೆ ಏನಾಯ್ತು ಅಂತ ನೀವೇ ಕಂಡಿದ್ದೀರಿ.

ಇನ್ನು ಟ್ರೇಲರ್ ಒಳಗಿನ ಮಾತು. 12ರಿಂದ 14 ಅಡಿಯ ಬಾಡಿ ಸಾಕು. ಅಪ್ಪ ಅಮ್ಮನಿಗೆ ಮೇಲೆ ಹತ್ತುವ ಗೋಜಿಲ್ಲದ ಖಾಯಂ ಹಾಸಿಗೆ. ಇಬ್ಬರು ಮಕ್ಕಳಿಗೆ ಬಂಕ್. ಬಾಗಿಲ ಪಕ್ಕ ಪುಟ್ಟ ಶೌಚಾಲಯ, ಅದರ ಡಬ್ಬಿ ಹೊರಗಿನಿಂದ ತೆಗೆದು ಖಾಲಿ ಮಾಡುವಂತಿರಲಿ. ನಿಮ್ಮ ಅಮ್ಮನ ಮಂಡಿ ನೋವೇ ಈ ಟ್ರೇಲರ್ ಕೊಳ್ಳಲು ಸರಿಯಾದ ಕಾರಣ. ಉಳಿದ ಐದು ಜನ ಪಕ್ಕದಲ್ಲಿ ಟೆಂಟ್ ಹಾಕಿಕೊಳ್ಳಲಿ, ಅಥವಾ ಟ್ರೇಲರ್ ಗೋಡೆಗೆ ಅಂಟಿಕೊಳ್ಳುವ ಕ್ಯಾನ್ವಾಸ್ ಕೋಣೆ ಕಟ್ಟಿಕೊಳ್ಳಲಿ. ಒಂಬತ್ತು ಹಾಸಿಗೆಯ ಟ್ರೇಲರ್ ಮಾಡಿಸಿದರೆ ಅದರ ತೂಕ ಎರಡು ಟನ್ ಮೇಲೆ ಹೋಗುತ್ತದೆ. ತೋಟದ ಗೇಟಿನಲ್ಲಿ ತಿರುಗುವುದಿಲ್ಲ, ಕೆಲಸಗಾರರ ಲೈನ್ ಮನೆಗೆ ಹೋಗುವ ಕರೆಂಟ್ ವೈರ್ ತಗಲುತ್ತದೆ, ಸಿಲ್ವರ್ ಓಕ್ ಕೊಂಬೆ ಚಾವಣಿ ಕೆರೆಯುತ್ತದೆ. ಒಂದು ಮಾತು ನೆನಪಿರಲಿ, ಏಪ್ರಿಲ್ ಬಿಸಿಲಲ್ಲಿ ತಿರುಚ್ಚಿ ಕಡೆ ಎಸಿ ಇಲ್ಲದೆ ಟ್ರೇಲರ್ ಒಳಗೆ ಮಲಗಲಾಗುವುದಿಲ್ಲ. ಎಸಿ ಬ್ಯಾಟರಿಯಲ್ಲಿ ಇಡೀ ರಾತ್ರಿ ಓಡುವುದು ಕಷ್ಟ. ಪ್ಲಗ್ ಪಾಯಿಂಟ್ ಕೊಡುವ ಜಾಗಗಳನ್ನೇ ಮೊದಲೇ ಮಾತಾಡಿಟ್ಟುಕೊಳ್ಳಿ.

ಬಾಡಿ ಫೈಬರ್‌ಗ್ಲಾಸ್ ಅಥವಾ ಸ್ಯಾಂಡ್‌ವಿಚ್ ಪ್ಯಾನೆಲ್ ಆಗಿರಲಿ, ಒಳಗೆ ಪ್ಲೈವುಡ್ ಮತ್ತು ಮರದ ಚೌಕಟ್ಟು ಆದಷ್ಟೂ ಕಡಿಮೆ ಇರಲಿ. ನಮ್ಮ ಮಳೆಗಾಲದ ತೇವಕ್ಕೆ ಮರ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಕಿಟಕಿಯ ಕೆಳಮೂಲೆ, ಚಾವಣಿಯ ಮೂಲೆ, ಶೌಚಾಲಯದ ನೆಲ, ಈ ಮೂರೂ ಕಡೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ನೋಡಿ. ಮೆತ್ತಗೆ ಒಳಹೋದರೆ ಬೆಲೆ ಕೇಳುವ ಕೆಲಸವೇ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಟ್ರೇಲರ್ ಟೈರ್ ಸವೆಯುವ ಮೊದಲೇ ಹಳತಾಗಿ ಬಿರಿಯುತ್ತದೆ, ಟೈರಿನ ಮೇಲಿನ ಗೀರು ಆಳವಾಗಿದೆ ಅಂತ ನಂಬಬೇಡಿ. ಹಿಚ್ ಗುಂಡು 50 ಮಿಲಿಮೀಟರ್ ಆದರೆ ಅದರ ಮೇಲೆ ಕೂರುವ ಟ್ರೇಲರ್ ತುದಿಯ ಕಪ್ಲರ್ ಕೂಡ 50ರದ್ದೇ ಇರಲಿ. ಎರಡು ಇಂಚು ಅಂದರೆ 50.8, ನೋಡಲು ಒಂದೇ, ಆದರೆ ಕೂರುವ ಬಿಗಿ ಬೇರೆ.

ಕಾಗದ ಪತ್ರದಲ್ಲಿ ಉದಾಸೀನ ಬೇಡ. ಖಾಸಗಿ ಬಳಕೆಯ ಕ್ಯಾರವಾನ್ ಟ್ರೇಲರ್ ನಮ್ಮ ಕಾನೂನಿನಲ್ಲಿ ಸಾರಿಗೆಯೇತರ ವಾಹನ. ಅದಕ್ಕೆ ಅದರದೇ ನೋಂದಣಿ, ಅದರದೇ ಕೆಎ 12 ನಂಬರ್ ಬೇಕು. ಮುಂಗಡ ಕೊಡುವ ಮೊದಲು ತಯಾರಕರ ಹತ್ತಿರ ಎಆರ್‌ಎಐ ಅಥವಾ ಐಕ್ಯಾಟ್‌ನಂಥ, ವಾಹನ ಪರೀಕ್ಷಿಸುವ ಸಂಸ್ಥೆಯ ಅನುಮೋದನೆ ಪತ್ರ ಇದೆಯಾ ನೋಡಿ. ಮಾರಾಟದ ಫಾರ್ಮ್ 21, ರಸ್ತೆಗೆ ಯೋಗ್ಯ ಅನ್ನುವ ಫಾರ್ಮ್ 22 ಕೊಡುತ್ತಾರಾ ಕೇಳಿ. ಅವುಗಳ ಪ್ರತಿ ಹಿಡಿದು ಮಡಿಕೇರಿ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಊರಿನ ವರ್ಕ್‌ಶಾಪ್‌ನಲ್ಲಿ ಚೆಂದ ಮಾಡಿಕೊಡುತ್ತಾರೆ ಅಂತ ಪತ್ರವಿಲ್ಲದ್ದನ್ನು ಮಾಡಿಸಬೇಡಿ. ಎಳೆಯುವ ಗಾಡಿಯ ವಿಮೆಯಲ್ಲೂ ಟ್ರೇಲರ್ ಸೇರಿದೆ ಅಂತ ಬರೆಸಿಕೊಳ್ಳಿ. ಹಿಚ್ ಚಾಸಿಗೆ ಬೋಲ್ಟ್ ಆಗಬೇಕು. ಬಂಪರಿಗೆ ವೆಲ್ಡ್ ಮಾಡಿದ ಕೊಕ್ಕೆ ಟ್ರೇಲರ್ ಎಳೆಯಲು ಅಲ್ಲ.

ಟ್ರೇಲರ್ ಮನೆಗೆ ಬಂದ ಮೇಲೆ ತುಂಬಿಸಿ, ನೀರಿನ ಟ್ಯಾಂಕ್ ಸಮೇತ, ಕುಶಾಲನಗರ ಕಡೆ ಯಾವುದಾದರೂ ವೇ ಬ್ರಿಡ್ಜ್‌ಗೆ ಒಯ್ಯಿರಿ. ನೂರು ಲೀಟರ್ ನೀರು ಅಂದರೆ ನೂರು ಕಿಲೋ, ಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಇಂಥವೇ ಲೆಕ್ಕ ತಪ್ಪಿಸುತ್ತವೆ. ಜನ ಕೂತ ಗಾಡಿಯನ್ನು ಬೇರೆ, ಟ್ರೇಲರನ್ನು ಬೇರೆ ತೂಗಿಸಿ. ಹಿಚ್ ಭಾರ ನೋಡಲು ಟ್ರೇಲರ್ ಮಟ್ಟಸವಾಗಿ ನಿಲ್ಲಿಸಿ, ಮುಂದಿನ ತುದಿಯ ಕೆಳಗೆ ಗಟ್ಟಿ ಮರದ ತುಂಡಿಟ್ಟು ಅದನ್ನು ಮನೆಯ ತೂಕದ ಯಂತ್ರದ ಮೇಲೆ ಕೂರಿಸಿ. ಯಂತ್ರದ ಮಿತಿ ಹಿಚ್ ಭಾರಕ್ಕಿಂತ ಜಾಸ್ತಿ ಇರಲಿ. 1100 ಕಿಲೋ ಟ್ರೇಲರಿಗೆ 110ರ ಹತ್ತಿರ ಬರಬೇಕು. 60-70 ತೋರಿಸಿದರೆ ಸಾಮಾನನ್ನು ಮುಂದಕ್ಕೆ ಸರಿಸಿ, ಮತ್ತೆ ತೂಗಿ. ಜಾಸ್ತಿಯಾದರೆ ಸ್ವಲ್ಪ ಹಿಂದಕ್ಕೆ.

ರಿವರ್ಸ್ ಕಲಿಯಲು ನಿಮ್ಮ ಕಾಫಿ ಕಣಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಕಾಫಿ ಎತ್ತಿದ ಮೇಲೆ ಹೇಗೂ ಖಾಲಿ ಇರುತ್ತದಲ್ವಾ. ಕೈಯನ್ನು ಸ್ಟೀರಿಂಗ್‌ನ ಕೆಳಗಡೆ, ಗಡಿಯಾರದ ಆರು ಗಂಟೆ ಜಾಗದಲ್ಲಿ ಹಿಡಿಯಿರಿ. ಆಗ ಕೈ ಬಲಕ್ಕೆ ಹೋದರೆ ಟ್ರೇಲರ್ ಹಿಂಭಾಗ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಹೆಚ್ಚು ಮಡಚಿಕೊಂಡರೆ ಮುಂದೆ ಹೋಗಿ ನೆಟ್ಟಗೆ ಮಾಡಿ ಮತ್ತೆ ಬನ್ನಿ. ಅಣ್ಣ ತಮ್ಮ ಇಬ್ಬರೂ ಕಲಿಯಿರಿ, ಇಬ್ಬರ ಹೆಂಡತಿಯರೂ ಕಲಿಯಲಿ. ಒಬ್ಬರಿಗೆ ಜ್ವರ ಬಂದರೆ ಟ್ರೇಲರ್ ತಂಜಾವೂರಿನಲ್ಲೇ ಉಳಿಯಬಾರದು.

ಮೊದಲ ಪ್ರವಾಸಕ್ಕೇ ಪೂಂಪುಹಾರ್ ಬೇಡ. ಹುಣಸೂರು ದಾಟಿ ಮೈಸೂರಿಗೆ ಹೋಗಿ, ಒಂದು ರಾತ್ರಿ ಮಲಗಿ ವಾಪಸ್ ಬನ್ನಿ. ಐವತ್ತು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಟ್ರೇಲರ್‌ನ ಎರಡೂ ಹಬ್ (ಚಕ್ರದ ನಡುಭಾಗ) ಹತ್ತಿರ ಕೈ ತನ್ನಿ, ಮುಟ್ಟುವ ಮೊದಲೇ ಬಿಸಿ ಗೊತ್ತಾಗುತ್ತದೆ. ಎರಡೂ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಆ ಕಡೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಅದನ್ನು ಬಿಚ್ಚಿ ಸರಿ ಮಾಡಿಸಿದ ಮೇಲೆಯೇ ಮುಂದೆ ಹೊರಡಿ.